ಕರಗುವುದೇ ಅದರ ಕೆಲಸ

‘ಫ್ಯೂಸ್ ಹೊಂಟೋಯ್ತು, ವಸಿ ಬಂದೋಗಣ್ಣ!’ ಶಿವನಸಮುದ್ರದ ಬ್ಲಫ್ ಸುತ್ತಮುತ್ತ ವೈರಿಂಗ್ ಕೆಲಸ ಮಾಡುವ ನನಗೆ ದಿನಾ ಬರುವ ಕರೆ ಇದು. ಫ್ಯೂಸ್ ಎಲ್ಲಿಗೂ ಹೋಗುವುದಿಲ್ಲ, ಕರಗುತ್ತದೆ. ಅದರ ಹೆಸರು ಹುಟ್ಟಿದ್ದೇ ‘ಕರಗಿದ್ದು’ ಎಂಬರ್ಥದ ಲ್ಯಾಟಿನ್ ಮಾತಿನಿಂದ. ನಮ್ಮಲ್ಲಿ ಬೆಣ್ಣೆ ಕರಗುತ್ತದೆ, ಮುನಿದ ಮನಸ್ಸು ಕರಗುತ್ತದೆ, ಕಬ್ಬಿನ ಬಿಲ್ಲಂತೂ ಮನೆ ಸೇರುವ ಮೊದಲೇ ಕರಗುತ್ತದೆ. ಆದರೆ ಫ್ಯೂಸ್ ಹಾರುತ್ತದೆ, ಸುಡುತ್ತದೆ, ಹೋಗುತ್ತದೆ. ತಲೆ ಕೆಟ್ಟವನನ್ನು ಕಂಡರೂ ‘ಅವ್ನ ಫ್ಯೂಸ್ ಹೋಗದೆ’ ಅಂತಲೇ ನಗುತ್ತಾರೆ.

ಮನೆಗಳಿಗೆ ನಾನು ಹಾಕುವುದು ತವರ ಲೇಪಿಸಿದ ತಾಮ್ರದ ಎಳೆ. ಕರೆಂಟ್ ಎರಡರಷ್ಟಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಕರಷ್ಟಾಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಇಷ್ಟು ಸಣ್ಣ ಎಳೆ ಅಲ್ಲಿಗೆ ಬೇಗ ಮುಟ್ಟುತ್ತದೆ. ಗೋಡೆಯೊಳಗಿನ ವೈರಿನ ಪ್ಲಾಸ್ಟಿಕ್ ಬೇಯುವ ಮೊದಲೇ ಎಳೆ ಕಡಿದುಕೊಳ್ಳಬೇಕು, ಲೆಕ್ಕಾಚಾರ ಅಷ್ಟೇ.

ಪಿಂಗಾಣಿಯ ಕ್ಯಾರಿಯರ್ ಎಳೆದು ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಎಳೆ ನಡುವೆ ಕಡಿದು ತುದಿಗಳಲ್ಲಿ ಸಣ್ಣ ಗುಂಡು ಕಟ್ಟಿದ್ದರೆ ಲೋಡ್ ಜಾಸ್ತಿ. ಎಳೆಯೇ ಕಾಣದೆ ಪಿಂಗಾಣಿಗೆ ಕಪ್ಪು ಮಸಿ, ತಾಮ್ರದ ಹನಿ ಸಿಡಿದಿದ್ದರೆ ಎಲ್ಲೋ ಶಾರ್ಟ್. ಎರಡನೆಯದಾದರೆ ಶಾರ್ಟ್ ಹುಡುಕದೆ ಹೊಸ ಎಳೆ ಕಟ್ಟಿ ಪ್ರಯೋಜನವಿಲ್ಲ.

‘ಪದೇ ಪದೇ ಹೋಯ್ತದಲ್ಲ, ದಪ್ಪುಂದು ಕಟ್ಟು ಕಣಪ್ಪ’ ಎನ್ನುವ ಅಜ್ಜಿಯರಿಗೆ ನಾನು ಕರಗುವುದಿಲ್ಲ. ದಪ್ಪ ತಂತಿ ಕಟ್ಟಿದ ಪಂಪ್‌ಸೆಟ್ಟಿನಲ್ಲಿ ಫ್ಯೂಸ್ ಉಳಿಯುತ್ತದೆ, ಮೋಟಾರಿನ ವೈಂಡಿಂಗ್ ಸುಡುತ್ತದೆ. ರಿವೈಂಡಿಂಗ್ ಖರ್ಚಿನ ಮುಂದೆ ಫ್ಯೂಸ್ ತಂತಿಯ ಬೆಲೆ ಏನೇನೂ ಅಲ್ಲ.

ನಮ್ಮೂರ ಕರೆಂಟ್ ಕಥೆಯೂ ಲೋಹದ್ದೇ. ಶಿವನಸಮುದ್ರದ ಪವರ್ ಹೌಸ್ 1902ರಲ್ಲಿ ಶುರುವಾದದ್ದು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆಂದು. ಬೆಂಗಳೂರಿಗೆ ಬೆಳಕು ಹೋದದ್ದು 1905ರಲ್ಲಿ. ಅಂದಹಾಗೆ ಚಿನ್ನ ಕರಗುವುದು 1064 ಡಿಗ್ರಿಗೆ, ತಾಮ್ರಕ್ಕಿಂತ ಇಪ್ಪತ್ತೊಂದು ಡಿಗ್ರಿ ಮೊದಲೇ. ಆದರೂ ಚಿನ್ನದ ಎಳೆ ಕಟ್ಟು ಅಂತ ಇದುವರೆಗೆ ಯಾರೂ ಕೇಳಿಲ್ಲ.

ಹೊಸ ಮನೆಗಳಲ್ಲಿ ಈಗ ಎಂಸಿಬಿ. ಅದರಲ್ಲಿ ಏನೂ ಕರಗುವುದಿಲ್ಲ. ಲೋಡ್ ಹೆಚ್ಚಾದರೆ ಒಳಗಿನ ಜೋಡಿ ಲೋಹದ ಪಟ್ಟಿ ಬಿಸಿಗೆ ಬಾಗಿ ಸ್ವಿಚ್ ಬೀಳಿಸುತ್ತದೆ. ಮೇಲೆತ್ತಿದರೆ ಮತ್ತೆ ಕರೆಂಟ್. ಎತ್ತಿದ್ದು ಮತ್ತೆ ಬಿದ್ದರೆ ಹಟ ಮಾಡಬೇಡಿ. ಎಲ್ಲ ಸ್ವಿಚ್ ಆರಿಸಿ, ಒಂದೊಂದೇ ಹಾಕಿ ನೋಡಿ, ಕಳ್ಳ ಸಿಕ್ಕಿಬೀಳುತ್ತಾನೆ. ನಮ್ಮ ಕಡೆ ಬಹಳ ಸಲ ಅದು ಬಚ್ಚಲಲ್ಲಿ ನೀರು ಕಾಯಿಸುವ ಕಾಯಿಲ್.