ಹೊಯ್ಗೆಗೆ ಲೆಕ್ಕ ಉಂಟು, ಬಳಚಿಗೆ?

ಕುಮಟಾದಿಂದ ಅಂಕೋಲೆಗೆ ಹೋಗುವ ಬಸ್ಸು ದಿವಗಿ ಸೇತುವೆ ಹತ್ತಿದಾಗ ಕೆಳಗೆ ಕಾಣುವ ಹೊಳೆ ಅಘನಾಶಿನಿ. ಶಿರಸಿ ಸೀಮೆಯಲ್ಲಿ ಹುಟ್ಟಿ ಘಟ್ಟ ಇಳಿದು ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟಿನ ಕಟ್ಟು ಇನ್ನೂ ಬಿದ್ದಿಲ್ಲ. ಸೇತುವೆಯಿಂದ ಪಡುವಣಕ್ಕೆ ಮಾಸೂರು, ಐಗಳಕುರ್ವೆ, ಕಾಗಾಲದ ಸುತ್ತ ಕೈಕಾಲು ಚಾಚಿ ಹರಡಿಕೊಂಡು, ತದಡಿಯ ಹತ್ತಿರ ಸಮುದ್ರ ಸೇರುತ್ತದೆ.

ಇಳಿತದ ಹೊತ್ತಿಗೆ ಆ ಕಡೆ ಹೋದವರಿಗೆ ಒಂದು ನೋಟ ಕಾಣುತ್ತದೆ. ಮೊಣಕಾಲುದ್ದ, ಸೊಂಟದುದ್ದ ನೀರಿನಲ್ಲಿ ಹೆಂಗಸರು ಗಂಡಸರು ಬಗ್ಗಿಕೊಂಡು ಹೊಯ್ಗೆ ಕೆದಕುತ್ತಿರುತ್ತಾರೆ. ಕೈಗೆ ಸಿಗುವುದು ಬಳಚು. ಪೇಟೆಯವರಿಗೆ ಅದು ಒಂದು ಹೊತ್ತಿನ ಪಲ್ಯ. ಹೊಳೆಬದಿಯವರಿಗೆ ವರ್ಷದ ಅನ್ನ.

ಇದೇನು ಚಿಲ್ಲರೆ ವ್ಯಾಪಾರ ಎಂದು ಮೂಗು ಮುರಿಯುವವರು ಲೆಕ್ಕ ಕೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಈ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ಸಿಗುತ್ತಿತ್ತು. ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ. ಇದನ್ನೇ ನೆಚ್ಚಿದವರು 2,300ಕ್ಕೂ ಹೆಚ್ಚು ಮಂದಿ. ತಲೆಗೆ ಹಂಚಿದರೆ ಅಂದಿನ ದರದಲ್ಲೇ ವರ್ಷಕ್ಕೆ ಹತ್ತಿರಹತ್ತಿರ 25 ಸಾವಿರ. ಬಂಡವಾಳ? ಒಂದು ಬುಟ್ಟಿ, ಒಂದು ಕತ್ತಿಯ ತುಂಡು, ಇದ್ದರೆ ಒಂದು ಪಾತಿದೋಣಿ. ಗೋವೆಯ ಪೇಟೆಗೂ ಮಾಲು ಹೋಗುತ್ತದೆ. ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಕುಮಟಾದ ಕಿರಾಣಿ ಅಂಗಡಿಯವರಿಗೂ ಬಟ್ಟೆ ಅಂಗಡಿಯವರಿಗೂ ಹೇಳಿಕೊಡಬೇಕಾಗಿಲ್ಲ.

ತಕರಾರು ಇರುವುದು ಇಲ್ಲೇ. ಬಳಚು ಇರುವುದು ಹೊಯ್ಗೆಯ ಮೇಲ್ಪದರದಲ್ಲಿ, ಕೆಲವೇ ಇಂಚು ಕೆಳಗೆ. ಗುತ್ತಿಗೆದಾರನಿಗೆ ಬೇಕಾದದ್ದೂ ಅದೇ ಹೊಯ್ಗೆ. ಬುಟ್ಟಿಯಲ್ಲಿ ತೋಡಿದರೆ ಒಂದಿಷ್ಟು ಉಳಿದೀತು. ಯಂತ್ರದ ಪೈಪು ಬಾಯಿ ಹಾಕಿತೆಂದರೆ ಹೊಯ್ಗೆ, ಬಳಚು, ಸಾಸಿವೆ ಕಾಳಿನಷ್ಟಿರುವ ಅದರ ಮರಿ ಎಲ್ಲವೂ ಒಟ್ಟಿಗೇ ಮೇಲೆ! ಅಷ್ಟಕ್ಕೇ ಮುಗಿಯೋದಿಲ್ಲ. ಬಳಚು ನೀರನ್ನು ಸೋಸಿ ಅದರಲ್ಲಿರುವುದನ್ನು ತಿನ್ನುವ ಜೀವಿ. ಕಲಕಿದ ಕೆಸರು ಅಕ್ಕಪಕ್ಕ ಕೂತರೆ ಅಲ್ಲಿರುವುದಕ್ಕೂ ಉಸಿರು ಕಟ್ಟುತ್ತದೆ. ತೋಡಿದ ಜಾಗ ಗುಂಡಿ ಬಿದ್ದರೆ, ನಿನ್ನೆ ಸೊಂಟದುದ್ದ ಇದ್ದಲ್ಲಿ ಇವತ್ತು ಆಳು ಮುಳುಗುವ ನೀರು. ಕಾಲೂರಿ ನಿಂತು ದುಡಿಯುವ ಹೆಂಗಸು ಅಲ್ಲಿಗೆ ಇಳಿಯುವ ಹಾಗಿಲ್ಲ.

ಹೊಳೆ ಆಳವಾದಷ್ಟೂ ಉಪ್ಪುನೀರು ಒಳಗೆ ಹತ್ತುತ್ತದೆ. ದಂಡೆ ಕುಸಿದರೆ ಕಾಂಡ್ಲಾ ಗಿಡದ ಬೇರು ಗಾಳಿಗೆ. ಹಿಂದೆ ಇರುವ ಗಜನಿ ಗದ್ದೆಯ ಕಟ್ಟಕ್ಕೂ ಗಂಡಾಂತರ. ಉಪ್ಪು ತಡೆದು ಬೆಳೆಯುವ ಕಗ್ಗ ಭತ್ತ ಉಂಟಲ್ಲ ಎನ್ನಬಹುದು. ಕಗ್ಗವೂ ಭತ್ತವೇ ಹೊರತು ಮೀನಲ್ಲ.

ಹಾಗೆಂದು ಹೊಯ್ಗೆಯನ್ನು ಮುಟ್ಟಲೇಬಾರದು ಎಂದರೆ ಅದೂ ನ್ಯಾಯವಲ್ಲ. ಮನೆ ಕಟ್ಟುವವನಿಗೆ ಮರಳು ಬೇಕು. ದೋಣಿಗೆ ಹೊಯ್ಗೆದಿಬ್ಬ ಅಡ್ಡ ಬಂದರೆ ಮೀನುಗಾರನ ಜೀವಕ್ಕೇ ಸಂಚಕಾರ. ಬುಟ್ಟಿ ಹೊತ್ತು ಹೊಯ್ಗೆ ತೆಗೆಯುವವರೂ ಇದೇ ಹೊಳೆಬದಿಯ ಬಡವರು. ಪ್ರಶ್ನೆ ಇರುವುದು ಯಾರು, ಎಲ್ಲಿ, ಯಾವಾಗ, ಯಾವುದರಿಂದ ತೆಗೆಯುತ್ತಾರೆ ಎಂಬುದರಲ್ಲಿ.

ಇದಕ್ಕೆ ಕಾನೂನು ಇಲ್ಲವೆ? ಧಾರಾಳವಾಗಿ ಉಂಟು. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. 2011ರಲ್ಲಿ ಹೊಸತು, 2019ರಲ್ಲಿ ಮತ್ತೊಂದು. ಈ ವಲಯದಲ್ಲಿ ಮರಳು ಗಣಿಗಾರಿಕೆಗೆ ಮನಾಯಿ. ದೋಣಿಗೆ ಅಡ್ಡವಾಗುವ ದಿಬ್ಬಗಳನ್ನು ಸಾಂಪ್ರದಾಯಿಕ ಸಮುದಾಯದವರು, ಯಂತ್ರವಿಲ್ಲದ ದೋಣಿಯಲ್ಲಿ, ಕೈಯಿಂದಲೇ ತೆಗೆಯಬಹುದು ಎಂದು 2011ರಲ್ಲೇ ಕೇಂದ್ರ ಪರಿಸರ ಮಂತ್ರಾಲಯ ಒಂದು ಕಂಡಿ ಬಿಟ್ಟಿತು. ಜಿಲ್ಲಾಧಿಕಾರಿ ಮುಂದಾಳತ್ವದ ಏಳು ಮಂದಿಯ ಸಮಿತಿ ಅದಕ್ಕೆ ಹುಟ್ಟಿದ್ದು ಆಗಲೇ. ಕರಾವಳಿಯ ಮೂರೂ ಜಿಲ್ಲೆಗಳಲ್ಲಿ ಹೊಯ್ಗೆಯ ಜಗಳವೆಲ್ಲ ನಡೆದು ಬಂದಿರುವುದು ಆ ಕಂಡಿಯ ಅಗಲ ಎಷ್ಟು ಎಂಬುದರ ಮೇಲೆಯೇ.

2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್‌ಸಾರ್ ಪಟ್ಟ ಸಿಕ್ಕಿತು. 4,801 ಹೆಕ್ಟೇರ್ ಜಾಗ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂದಾಯಿತು. ಸಂತೋಷದ ಸುದ್ದಿಯೇ. ಆದರೆ 2017ರ ಜೌಗು ಪ್ರದೇಶಗಳ ನಿಯಮಾವಳಿಯನ್ನು ಬಿಡಿಸಿ ಓದಿದರೆ ಒಂದು ತಮಾಷೆ ಕಾಣುತ್ತದೆ. ಕರಾವಳಿ ನಿಯಂತ್ರಣ ವಲಯದೊಳಗೆ ಬರುವ ಜೌಗಿಗೆ ಆ ನಿಯಮ ಅನ್ವಯಿಸದು ಎಂದು ಅದರಲ್ಲೇ ಬರೆದಿದೆ! ಅಂದರೆ ಪಟ್ಟ ಹೊಸತು, ಕಾವಲಿಗೆ ಮಾತ್ರ ಅದೇ ಹಳೇ ದೊಣ್ಣೆ. ಆ ದೊಣ್ಣೆ ಹಿಡಿದವರು ರಾತ್ರಿ ಹೊಳೆಬದಿಗೆ ಬಂದರೆ ಉಂಟು, ಬಾರದಿದ್ದರೆ ಇಲ್ಲ.

ಇನ್ನು ತದಡಿಗೆ ದೊಡ್ಡ ಬಂದರು ಬರುತ್ತದೆಂಬ ಮಾತು. ದಶಕಗಳಿಂದ ಬರುತ್ತಲೇ ಇದೆ. ಹಡಗು ನಿಲ್ಲುವಷ್ಟು ಆಳ ತೋಡಬೇಕಾದರೆ ಬುಟ್ಟಿಯಿಂದ ಆಗುವ ಕೆಲಸ ಅದಲ್ಲ ಬಿಡಿ.

ಕಡತದಲ್ಲಿ ಸಿಗುವುದು ಟನ್ನಿನ ಲೆಕ್ಕ. ಯಾವ ದಿಬ್ಬದಲ್ಲಿ ಎಷ್ಟು ಹೊಯ್ಗೆ ಉಂಟು, ಎಷ್ಟು ಎತ್ತಬಹುದು ಎಂಬ ಲೆಕ್ಕ. ಅದೇ ದಿಬ್ಬದಲ್ಲಿ ಬಳಚು ಎಷ್ಟು ಉಂಟು ಎಂಬ ಇನ್ನೊಂದು ಕಾಲಮ್ಮು ಆ ಕಡತಕ್ಕೆ ಬೇಕು. ಮಳೆಗಾಲದಲ್ಲಿ ಹೊಳೆಯಿಂದ ಮರಳು ತೆಗೆಯಬಾರದೆಂದು 2016ರ ಕೇಂದ್ರ ಮಾರ್ಗಸೂಚಿಯಲ್ಲೇ ಇದೆ, ಸರಿ. ಮಳೆ ನಿಂತು ನೀರಿಗೆ ಉಪ್ಪು ಮರಳುವ ತಿಂಗಳಲ್ಲೇ ಬಳಚಿನ ಮರಿ ಹೊಯ್ಗೆಗೆ ಕೂರುವುದು. ಹೊಯ್ಗೆ ದೋಣಿ ಹೊಳೆಗೆ ಇಳಿಯುವುದೂ ಆಗಲೇ. ಆ ಕೆಲವು ತಿಂಗಳು, ಆ ಕೆಲವು ದಿಬ್ಬಗಳನ್ನಾದರೂ ಬಿಟ್ಟುಬಿಡುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಪರವಾನಗಿ ಕಾಗದದಲ್ಲಿ ಒಂದು ಷರತ್ತು ಸೇರಿಸಿದರೆ ಸಾಕು.

ಯಾವ ದಿಬ್ಬ ಎಂದು ತಿಳಿಯಲು ಸಲಕರಣೆ ಹೊತ್ತು ಬೆಂಗಳೂರಿನಿಂದ ಬರಬೇಕೆಂದೂ ಇಲ್ಲ. ಗುರುತು ಕಂಬ ನೆಡುವ ಮೊದಲು ಇಳಿತದ ಹೊತ್ತು ನೋಡಿಕೊಂಡು ಅಧಿಕಾರಿಗಳು ಕಾಗಾಲದ ದಂಡೆಗೆ ಬರಲಿ. ನೀರಿನಲ್ಲಿ ನಿಂತಿರುವ ಹೆಂಗಸರೇ ಕೈ ಮಾಡಿ ತೋರಿಸುತ್ತಾರೆ.