ವಾಕಿಟಾಕಿ ಕೊಳ್ಳುವ ಮುನ್ನ ಬೆಟ್ಟ ನೋಡಿ

‘ಚಾರಣಕ್ಕೆ ಯಾವ ವಾಕಿಟಾಕಿ ತಗೊಳ್ಳೋದು?’ ನಮ್ಮ ಕಾಲೇಜಿನ ಚಾರಣ ಗುಂಪಿನ ವಾಟ್ಸ್ಆ್ಯಪ್‌ನಲ್ಲಿ ತಿಂಗಳಿಗೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಉತ್ತರವೂ ತಡವಾಗುವುದಿಲ್ಲ. ಒಬ್ಬ ಹತ್ತು ಕಿಲೋಮೀಟರ್ ಎಂದು ಬರೆದಿರುವ ಸೆಟ್ಟಿನ ಚಿತ್ರ ಹಾಕುತ್ತಾನೆ, ಇನ್ನೊಬ್ಬ ಅದಕ್ಕಿಂತ ಅಗ್ಗದ್ದು ತೋರಿಸುತ್ತಾನೆ. ಆ ಸೆಟ್ಟು ಯಾವ ತರಂಗಾಂತರದಲ್ಲಿ ಮಾತನಾಡುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ.

ಮೊಬೈಲ್ ಇರುವಾಗ ಇದೇಕೆ ಎನ್ನಬಹುದು. ಮೊಬೈಲಿಗೆ ಟವರ್ ಬೇಕು, ವಾಕಿಟಾಕಿಗೆ ಬೇಡ. ಮೇಲುಕೋಟೆಯ ಬಂಡೆಗಳ ಮರೆಯಲ್ಲಿ, ಕುರುಚಲು ಕಾಡಿನ ಹಳ್ಳಗಳಲ್ಲಿ ಸಿಗ್ನಲ್ ಗೆರೆಗಳು ಒಂದೊಂದಾಗಿ ಮಾಯವಾಗುವುದನ್ನು ಇಲ್ಲಿ ಅಲೆದವರೆಲ್ಲ ನೋಡಿದ್ದಾರೆ. ವೈರಮುಡಿ ಉತ್ಸವದ ರಾತ್ರಿ ಟವರ್ ಇದ್ದರೂ ಫೋನು ಹತ್ತುವುದು ಕಷ್ಟ. ಅಷ್ಟು ಜನ ಒಂದೇ ಸಲ ಫೋನಿಗೆ ಕೈ ಹಾಕಿರುತ್ತಾರೆ. ಬಂದೋಬಸ್ತಿಗೆ ಬಂದ ಪೊಲೀಸರ ಕೈಯಲ್ಲಿರುವುದು ವೈರ್‌ಲೆಸ್ ಸೆಟ್ಟು. ಒಬ್ಬ ಗುಂಡಿ ಒತ್ತಿ ಮಾತನಾಡಿದರೆ ಆ ಚಾನೆಲ್ಲಿನಲ್ಲಿರುವ ಎಲ್ಲರಿಗೂ ಒಟ್ಟಿಗೆ ಕೇಳುತ್ತದೆ. ಬೈಕು, ಜೀಪುಗಳಲ್ಲಿ ಸಾಲಾಗಿ ಹೋಗುವಾಗ ಕೊನೆಯವನಿಗೆ ಟೈರ್ ಪಂಕ್ಚರ್ ಆದರೆ ಮುಂದಿನವನಿಗೆ ಆ ಕ್ಷಣವೇ ತಿಳಿಯುತ್ತದೆ.

ಮೊದಲು ಕಾನೂನು

ಆಕಾಶದ ತರಂಗಗಳು ಯಾರಪ್ಪನ ಸ್ವತ್ತೂ ಅಲ್ಲ ಎಂದುಕೊಂಡಿದ್ದರೆ ಅದು ತಪ್ಪು. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧ ಎಂದು 1933ರಷ್ಟು ಹಿಂದೆಯೇ ಕಾಯ್ದೆ ಬಂದಿತ್ತು. ಆದರೆ ಜನಸಾಮಾನ್ಯರಿಗೆಂದು ಕೆಲವು ಕಿಟಕಿಗಳನ್ನು ತೆರೆದಿಟ್ಟಿದ್ದಾರೆ. ಕೇಂದ್ರ ಸರ್ಕಾರದ 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸ್ ಬೇಕಿಲ್ಲ. 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡಿಗೂ 2005ರಿಂದ ವಿನಾಯಿತಿ ಇದೆ. ಆದರೆ ಅದರ ತರಂಗ ಉದ್ದ. ಕಾಲು ತರಂಗದ ಆಂಟೆನಾ ಬೇಕೆಂದರೂ ಸುಮಾರು 2.75 ಮೀಟರ್ ಆಗುತ್ತದೆ. 446ರಲ್ಲಿ ಅದೇ ಕಾಲು ತರಂಗಕ್ಕೆ 17 ಸೆಂಟಿಮೀಟರ್ ಸಾಕು. ಬೆನ್ನಿಗೆ ಚೀಲ ಹಾಕಿ ನಡೆಯುವವನಿಗೆ ಯಾವುದು ಅನುಕೂಲ ಎಂದು ಬೇರೆ ಹೇಳಬೇಕಿಲ್ಲ.

ತೊಡಕಿರುವುದು ಉಳಿದ ಸೆಟ್ಟುಗಳಲ್ಲಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹಲವು ಡ್ಯುಯಲ್ ಬ್ಯಾಂಡ್ ಸೆಟ್ಟುಗಳು 136ರಿಂದ 174 ಮತ್ತು 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತನಾಡಬಲ್ಲವು. ಈ ವ್ಯಾಪ್ತಿಯೊಳಗೆ ಪೊಲೀಸರು, ಅರಣ್ಯ ಇಲಾಖೆಯಂಥವರ ಸಂಪರ್ಕವೂ ಇರುತ್ತದೆ. ಗೊತ್ತಿಲ್ಲದೆ ಒತ್ತಿದ ಗುಂಡಿಯೊಂದು ಕಾಡ್ಗಿಚ್ಚು ನಂದಿಸುತ್ತಿರುವ ಸಿಬ್ಬಂದಿಯ ಮಾತನ್ನು ಕತ್ತರಿಸಬಹುದು. ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ತಂದುಕೊಟ್ಟ ಸೆಟ್ಟಿಗೂ ಇದೇ ಮಾತು. ಅಲ್ಲಿ ಮನೆಮಂದಿ ಬಳಸುವ ಸೆಟ್ಟುಗಳು 462 ಮತ್ತು 467 ಮೆಗಾಹರ್ಟ್ಸ್‌ನವು. ಅಲ್ಲಿ ಸರಿ, ಇಲ್ಲಿ ಸಲ್ಲ.

ಅಂಗಡಿಯಲ್ಲಿ ಮಾರುತ್ತಾರೆ ಎಂದಮಾತ್ರಕ್ಕೆ ಅದು ಕಾನೂನುಬದ್ಧ ಎಂದೇನಿಲ್ಲ. ತರಂಗಾಂತರ, ಲೈಸೆನ್ಸ್, ಸರ್ಕಾರದ ಅನುಮೋದನೆಯ ವಿವರವಿಲ್ಲದೆ ವಾಕಿಟಾಕಿ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಇ-ಕಾಮರ್ಸ್ ತಾಣಗಳಿಗೆ ನೋಟಿಸ್ ಕೊಟ್ಟು, ಮಾರಾಟಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿತು. ಆದ್ದರಿಂದ ಕೊಳ್ಳುವ ಮುನ್ನ ಎರಡು ಸಂಗತಿ ನೋಡಿ: ಪೆಟ್ಟಿಗೆಯ ಮೇಲೆ 446.0–446.2 ಎಂದು ಸ್ಪಷ್ಟವಾಗಿದೆಯೇ? ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಕೊಡುವ ‘ಇಟಿಎ’ ಅನುಮೋದನೆ ಇದೆಯೇ? ಇಲ್ಲವೆಂದರೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಡಿಗ್ರಿ ಮುಗಿಸಿ ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕು ಎಂದು ಅರ್ಜಿ ಹಾಕುತ್ತಿರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಕೆಲಸ ಸಿಕ್ಕ ಮೇಲೆ ಪೊಲೀಸ್ ವೆರಿಫಿಕೇಷನ್ ಇರುತ್ತದೆ. ಚಾರಣದ ಒಂದು ಆಟಿಕೆಯಿಂದಾಗಿ ಮೊಕದ್ದಮೆ ಬಿದ್ದರೆ ಅಲ್ಲಿ ವಿವರಣೆ ಕೊಡುತ್ತಾ ಕೂರಬೇಕು.

ಹತ್ತು ಕಿಲೋಮೀಟರ್ ಎಂಬ ಕಥೆ

ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತವೆ. ಭೂಮಿ ದುಂಡಗಿರುವುದರಿಂದ ಒಂದು ಮಿತಿಯಾಚೆಗೆ ತಲುಪುವುದಿಲ್ಲ. ಲೆಕ್ಕ ಸರಳ: ನೀವು ಸೆಟ್ಟು ಹಿಡಿದಿರುವ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಷ್ಟು ಕಿಲೋಮೀಟರ್. ನಿಂತವನ ಬಾಯಿಯ ಮಟ್ಟ ಒಂದೂವರೆ ಮೀಟರ್ ಎಂದರೆ ಸುಮಾರು 5 ಕಿ.ಮೀ. ಎದುರಿಗಿರುವವನದೂ ಸೇರಿದರೆ 10. ಜಾಹೀರಾತಿನ ಹತ್ತು ಕಿಲೋಮೀಟರ್ ಹೀಗೂ ಹುಟ್ಟಬಹುದು. ಆದರೆ ಇದು ಮರ, ಮನೆ, ದಿಬ್ಬ ಯಾವುದೂ ಇಲ್ಲದ ಬಟಾಬಯಲಿನ ಲೆಕ್ಕ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ತೆಂಗಿನ ತೋಟ, ಕೆರೆ ಏರಿ, ಕಲ್ಲುಬೆಟ್ಟ ಇಲ್ಲದ ಬಯಲು ಎಲ್ಲಿದೆ? ಅದೇ ಸುತ್ತಲ ನೆಲಕ್ಕಿಂತ 100 ಮೀಟರ್ ಎತ್ತರದಲ್ಲಿ ನಿಂತರೆ ಇದೇ ಲೆಕ್ಕ 41 ಕಿ.ಮೀ.ಗೆ ಜಿಗಿಯುತ್ತದೆ.

ಇದನ್ನು ಪರೀಕ್ಷಿಸಲೆಂದೇ ನಾವು ಐವರು ಲೈಸೆನ್ಸ್ ಬೇಡದ ಎರಡು ಸೆಟ್ಟು ಎರವಲು ತಂದು ಒಂದು ಭಾನುವಾರ ಮೇಲುಕೋಟೆಗೆ ಹೋದೆವು. ನಾನು ಯೋಗನರಸಿಂಹಸ್ವಾಮಿ ಬೆಟ್ಟದ ಮೇಲೆ, ಗೆಳೆಯ ಕೆಳಗೆ ಕಲ್ಯಾಣಿಯ ಮೆಟ್ಟಿಲ ಮೇಲೆ. ಪಕ್ಕದಲ್ಲೇ ಕುಳಿತು ಮಾತನಾಡಿದಂತೆ ಕೇಳಿಸಿತು. ಆಮೇಲೆ ಅವನು ಬೆಟ್ಟದ ಹಿಂಬದಿಗೆ ನಡೆಯುತ್ತಾ ಹೋದ. ‘ಲೋ, ಕೇಳ್ತಾ ಐತೇನ್ಲಾ?’ ಎಂಬ ಮಾತು ಮೊದಲು ತುಂಡಾಯಿತು, ಆಮೇಲೆ ಬರೀ ಗೊರಗೊರ. ದೂರ ಹೆಚ್ಚಿರಲಿಲ್ಲ, ನಡುವೆ ಬಂಡೆ ಬಂದಿತ್ತು. ನಾನು ಬಂಡೆಯ ಇನ್ನೊಂದು ಮಗ್ಗುಲಿಗೆ ಬಂದು ನಿಂತೆ. ಅವನ ದನಿ ಮತ್ತೆ ಬಂತು.

ಸೆಟ್ಟು ಬದಲಿಸುವ ಮುನ್ನ ನಿಂತ ಜಾಗ ಬದಲಿಸಬೇಕು. ‘ಐದು ವಾಟ್ ತಗೊಂಡ್ರೆ ಬೆಟ್ಟ ತೂರ್ಕೊಂಡ್ ಹೋಗ್ತದೆ’ ಎನ್ನುವವರಿದ್ದಾರೆ. ಹೋಗುವುದಿಲ್ಲ. ತೆರೆದ ಬಯಲಿನಲ್ಲಿಯೂ ಶಕ್ತಿ ನಾಲ್ಕು ಪಟ್ಟಾದರೆ ದೂರ ಎರಡೇ ಪಟ್ಟಾಗುತ್ತದೆ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ. ಇದೇ 446ರ ಸೆಟ್ಟುಗಳಿಗೆ ಯುರೋಪಿನಲ್ಲಿ ಇರುವ ಮಿತಿ ಅರ್ಧ ವಾಟ್. ಅಲ್ಲಿನ ಚಾರಣಿಗರು ಅದರಲ್ಲೇ ನಿಭಾಯಿಸುತ್ತಾರೆ.

ಅಂಗಡಿಯಲ್ಲಿ ನಿಂತಾಗ

ಒಂದು ಕೈಯಲ್ಲಿ ಚಪ್ಪಾಳೆ ಆಗದು. ಆದ್ದರಿಂದ ಒಂದು ದುಬಾರಿ ಸೆಟ್ಟಿಗಿಂತ ಒಂದೇ ಮಾದರಿಯ ಎರಡು ಸಾಧಾರಣ ಸೆಟ್ಟು ಲೇಸು. ಚಾರ್ಜರ್, ಬ್ಯಾಟರಿ ಒಂದಕ್ಕೊಂದು ಹೊಂದುತ್ತವೆ. ಗುಂಪಿನ ಮುಂದಿರುವವನಿಗೊಂದು, ಕೊನೆಯಲ್ಲಿರುವವನಿಗೊಂದು. ಹತ್ತು ಜನರ ಗುಂಪಿಗೂ ಇಷ್ಟೇ ಸಾಕು.

ಬ್ಯಾಟರಿಯಲ್ಲಿ ಎರಡು ಬಗೆ. ಯುಎಸ್‌ಬಿಯಲ್ಲಿ ಚಾರ್ಜ್ ಆಗುವುದಾದರೆ ಪವರ್ ಬ್ಯಾಂಕ್ ಸಾಕು. ಪೆನ್ಸಿಲ್ ಸೆಲ್ ಹಾಕುವಂಥದ್ದಾದರೆ ಹಳ್ಳಿಯ ಚಿಲ್ಲರೆ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಎರಡಕ್ಕೂ ಒಗ್ಗುವ ಸೆಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಸೆಟ್ಟು ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಮಾತನಾಡುವಾಗ, ಕೇಳುವಾಗ ಅಲ್ಲ.

ಮಳೆ, ದೂಳಿಗೆ ಐಪಿ ಅಂಕಿ ನೋಡಿ. ಐಪಿ54 ಎಂದರೆ ದೂಳಿನಿಂದ ಸಾಕಷ್ಟು ರಕ್ಷಣೆ, ನೀರು ಸಿಡಿದರೂ ತೊಂದರೆಯಿಲ್ಲ. ಐಪಿ67 ಎಂದರೆ ದೂಳು ಒಳಹೋಗುವುದೇ ಇಲ್ಲ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯುತ್ತದೆ. ಬೇಸಿಗೆಯ ಗಾಡಿದಾರಿಯಲ್ಲಿ ಬೈಕಿನ ಹಿಂದೆ ಏಳುವ ಕೆಂಪು ದೂಳನ್ನು ನೆನೆದರೆ ಮೊದಲ ಅಂಕಿಯನ್ನೂ ಗಮನಿಸುವುದು ಮೇಲು.

‘ಪ್ರೈವಸಿ ಕೋಡ್’ ಎಂದು ಬರೆದಿರುವುದನ್ನು ಗುಟ್ಟು ಎಂದು ನಂಬಬೇಡಿ. ಅದು ಬೇರೆಯವರ ಮಾತು ನಿಮ್ಮ ಸ್ಪೀಕರಿಗೆ ಬಾರದಂತೆ ತಡೆಯುತ್ತದೆ, ಅಷ್ಟೆ. ನಿಮ್ಮ ಮಾತು ಅದೇ ಚಾನೆಲ್ಲಿನಲ್ಲಿರುವ ಯಾರಿಗೆ ಬೇಕಾದರೂ ಕೇಳಬಹುದು. ಗುಂಡಿ ಒತ್ತದೆ ದನಿಗೇ ಆನ್ ಆಗುವ ‘ವಾಕ್ಸ್’ ಸೌಲಭ್ಯ ಬೈಕಿನವರಿಗೆ ಆಕರ್ಷಕವೆನಿಸುತ್ತದೆ. ಆದರೆ ಗಾಳಿಯ ಸದ್ದಿಗೂ ಅದು ಬಾಯಿ ತೆರೆದು ಚಾನೆಲ್ ಹಿಡಿದುಕೊಳ್ಳುತ್ತದೆ. ಜೀಪಿನೊಳಗೆ ಕುಳಿತರೆ ತಗಡಿನ ಮೈ ತರಂಗವನ್ನು ತಡೆಯುವುದರಿಂದ ಸೆಟ್ಟನ್ನು ಕಿಟಕಿಯ ಬಳಿ ನೆಟ್ಟಗೆ ಹಿಡಿಯಬೇಕು, ಚಾಲಕನಲ್ಲ, ಪಕ್ಕದವನು.

ಮಾತಿಗೊಂದು ಶಿಸ್ತು

ಮೊದಲು ಕೇಳಿ, ಯಾರೂ ಮಾತನಾಡುತ್ತಿಲ್ಲವೆಂದು ಖಚಿತವಾದ ಮೇಲೆ ಗುಂಡಿ ಒತ್ತಿ. ಒತ್ತಿದ ಕೂಡಲೇ ಶುರು ಮಾಡಿದರೆ ಮೊದಲ ಪದ ನುಂಗಿಹೋಗುತ್ತದೆ. ಒಂದು ಕ್ಷಣ ತಡೆದು ಹೇಳಿ. ಮೊದಲು ಕರೆಯುವವನ ಹೆಸರು, ಆಮೇಲೆ ನಿಮ್ಮ ಹೆಸರು, ಆಮೇಲೆ ವಿಷಯ, ಕೊನೆಗೆ ‘ಓವರ್’. ಗಾಯವಾದರೆ ಮೊದಲು ಎಲ್ಲಿದ್ದೀರಿ ಎಂಬುದನ್ನು ಹೇಳಿ, ಏನಾಯಿತು ಎಂಬುದು ಆಮೇಲೆ. ಬ್ಯಾಟರಿ ಮುಗಿದರೂ ಹುಡುಕಲು ಜಾಗ ಗೊತ್ತಿರಬೇಕು. ಸಂಪರ್ಕ ತಪ್ಪಿದರೆ ಎಲ್ಲಿ ಸೇರಬೇಕು ಎಂದು ಹೊರಡುವ ಮುನ್ನವೇ ಮಾತಾಗಿರಬೇಕು. ಈ ಸೆಟ್ಟಿನಿಂದ ಪೊಲೀಸರನ್ನಾಗಲಿ ಆಂಬುಲೆನ್ಸನ್ನಾಗಲಿ ಕರೆಯಲಾಗದು. ಗುಂಪಿನಲ್ಲಿ ಸಿಗ್ನಲ್ ಇರುವ ಜಾಗದಲ್ಲಿ ಒಬ್ಬನಾದರೂ ನಿಂತಿದ್ದರೆ ಅವನು 112ಕ್ಕೆ ಫೋನ್ ಮಾಡಬಲ್ಲ.

ಇನ್ನೂ ಆಸಕ್ತಿ ಇದ್ದರೆ

ದೊಡ್ಡ ಸೆಟ್ಟೇ ಬೇಕೆಂದರೆ ನೇರ ದಾರಿಯಿದೆ: ಹ್ಯಾಮ್ ಲೈಸೆನ್ಸ್. 12 ವರ್ಷ ತುಂಬಿದ ಯಾರು ಬೇಕಾದರೂ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ವಿದ್ಯುನ್ಮಾನದ ಮೂಲಪಾಠ ಮತ್ತು ನಿಯಮಗಳು, ಇಷ್ಟೇ ಪಠ್ಯ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತವೂ ಬೇಡ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇದಕ್ಕೆ ತರಬೇತಿ ಕೊಡುತ್ತಾ ಬಂದಿದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸಿದವರಲ್ಲಿ ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಪ್ರಮುಖರು. ಆದರೆ ನಿಮಗೊಬ್ಬರಿಗೆ ಲೈಸೆನ್ಸ್ ಇದೆಯೆಂದು ಲೈಸೆನ್ಸ್ ಇಲ್ಲದ ಗೆಳೆಯರ ಕೈಗೆ ಸೆಟ್ಟು ಕೊಡುವಂತಿಲ್ಲ, ವ್ಯಾಪಾರಕ್ಕೆ ಬಳಸುವಂತಿಲ್ಲ.

ಕಡೆಯದಾಗಿ ಒಂದು ಮಾತು. ವಾಕಿಟಾಕಿ ಕೈಯಲ್ಲಿದ್ದರೆ ಕಾಡು ನಮ್ಮದಾಗುವುದಿಲ್ಲ. ಮೇಲುಕೋಟೆಯ ಸುತ್ತಲಿನ ಕಾಡು 1974ರಲ್ಲಿ ತೋಳಗಳ ರಕ್ಷಣೆಗೆಂದು ಘೋಷಿಸಿದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಡೇರೆ ಹಾಕುವುದಾಗಲಿ, ಗಾಡಿ ನುಗ್ಗಿಸುವುದಾಗಲಿ ಕೂಡದು. ಅನುಮತಿ ಇರುವ ಕಡೆಯೂ ಸ್ಪೀಕರಿನ ದನಿ ತಗ್ಗಿಸಿ, ಇಯರ್‌ಫೋನ್ ಹಾಕಿಕೊಳ್ಳಿ. ತೋಳಕ್ಕೆ ನಮ್ಮ ‘ಓವರ್’ ಕೇಳಬೇಕಾಗಿಲ್ಲ.