ತನಗೊಬ್ಬನಿಗೆ ಮಾತ್ರ ಇಲ್ಲದ ದಯೆ

1773ರ ಜನವರಿಯಲ್ಲಿ ಇಂಗ್ಲೆಂಡಿನ ಓಲ್ನಿ ಎಂಬ ಪುಟ್ಟ ಊರಿನಲ್ಲಿ ಕವಿ ವಿಲಿಯಂ ಕೂಪರ್‌ನ ಮನಸ್ಸು ಕುಸಿಯಿತು. ಅಲ್ಲಿನ ಪಾದ್ರಿ ಜಾನ್ ನ್ಯೂಟನ್ ಜೊತೆಗೂಡಿ ಚರ್ಚಿನ ಜನರಿಗಾಗಿ ಹಾಡು ಬರೆಯುತ್ತಿದ್ದವನು ಅವನು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆಂದು ಅವನಿಗೊಂದು ಕನಸು ಬಿತ್ತು. ಎಚ್ಚರವಾದ ಮೇಲೂ ಅದು ಬರೀ ಕನಸು ಅನಿಸಲಿಲ್ಲ. ಆಮೇಲೆ ಅವನು 27 ವರ್ಷ ಬದುಕಿದ. ಆರಾಧನೆಗೆಂದು ಮತ್ತೆ ಚರ್ಚಿಗೆ ಹೋಗಲಿಲ್ಲ. ಹಾಗೆಂದು ಅವನು ನಾಸ್ತಿಕನಾಗಲಿಲ್ಲ. ದೇವರ ದಯೆ ಎಲ್ಲರಿಗೂ ಉಂಟು, ತನಗೊಬ್ಬನಿಗೆ ಇಲ್ಲ ಎಂಬುದು ಅವನ ನಂಬಿಕೆ.

ನ್ಯೂಟನ್‌ನ ಕಟ್ಟುನಿಟ್ಟಿನ ಬೋಧನೆಯೇ ಇವನನ್ನು ಕೆಡಿಸಿತು ಎಂದವರಿದ್ದಾರೆ. ಆದರೆ ಕಾಲಾನುಕ್ರಮ ಇದಕ್ಕೆ ಒಪ್ಪುವುದಿಲ್ಲ. ಕೂಪರ್ ಮೊದಲ ಬಾರಿಗೆ ಖಿನ್ನನಾದದ್ದು ಯೌವನದಲ್ಲಿ, ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ. 1763ರಲ್ಲಿ ಸಂಸತ್ತಿನ ಮೇಲ್ಮನೆಯ ಗುಮಾಸ್ತೆ ಹುದ್ದೆಗೆ ಪರೀಕ್ಷೆ ಎದುರಿಸಬೇಕಾಗಿ ಬಂದಾಗ ಹೆದರಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಆಗಿನ್ನೂ ನ್ಯೂಟನ್‌ನ ಪರಿಚಯವೇ ಇರಲಿಲ್ಲ. ಸೇಂಟ್ ಆಲ್ಬನ್ಸ್‌ನಲ್ಲಿ ವೈದ್ಯ ನಥಾನಿಯಲ್ ಕಾಟನ್‌ನ ಆರೈಕೆಯಲ್ಲಿ ಚೇತರಿಸಿಕೊಳ್ಳುವಾಗಲೇ ಅವನಿಗೆ ನಂಬಿಕೆ ಗಟ್ಟಿಯಾದದ್ದು. ಕಾಯಿಲೆ ಮೊದಲು ಬಂತು. ಅದಕ್ಕೆ ಬೇಕಾದ ಮಾತುಗಳು ಆಮೇಲೆ ಧರ್ಮದಿಂದ ದೊರೆತವು.

ತೀವ್ರ ಖಿನ್ನತೆ ಹೀಗೆ ಮಾಡುವುದು ವೈದ್ಯರಿಗೆ ಹೊಸದಲ್ಲ. ಮನಸ್ಸು ಕುಗ್ಗಿದಾಗ ನೆನಪುಗಳಲ್ಲೂ ಕಹಿಯಾದವೇ ಮೊದಲು ಮೇಲೇಳುತ್ತವೆ. ತಪ್ಪಿತಸ್ಥ ಭಾವ ರೋಗದ ಲಕ್ಷಣಗಳಲ್ಲೊಂದು. ಅದು ಅತಿಯಾದಾಗ ಭ್ರಮೆಯಾಗುತ್ತದೆ. ಆ ಭ್ರಮೆ ತನ್ನ ವೇಷವನ್ನು ರೋಗಿಯ ಬದುಕಿನಿಂದಲೇ ಆರಿಸಿಕೊಳ್ಳುತ್ತದೆ: ವ್ಯಾಪಾರಿಗೆ ದಿವಾಳಿಯಾದೆನೆಂದು, ಭಕ್ತನಿಗೆ ನರಕವೇ ಗತಿಯೆಂದು. ಇನ್ನೊಂದು ಲಕ್ಷಣ ಯಾವುದರಲ್ಲೂ ರುಚಿ ಉಳಿಯದಿರುವುದು. ಊಟ ಸಪ್ಪೆಯಾದರೆ ಯಾರೂ ಪಾಪದಲ್ಲಿ ಕಾರಣ ಹುಡುಕುವುದಿಲ್ಲ. ಪ್ರಾರ್ಥನೆ ಸಪ್ಪೆಯಾದರೆ ಮಾತ್ರ ದೇವರು ದೂರವಾದನೆಂದು ವಿಶ್ವಾಸಿ ಓದಿಕೊಳ್ಳುತ್ತಾನೆ. ಅಂಥವನಿಗೆ ‘ಇನ್ನಷ್ಟು ಪ್ರಾರ್ಥಿಸು’ ಎಂದರೆ ಗಾಯವನ್ನೇ ಕೆದಕಿದಂತೆ.

ನಂಬಿಕೆ ನೆರವಾಗುತ್ತದೆಯೇ? 2003ರಲ್ಲಿ 147 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಚ್ಚು ಧಾರ್ಮಿಕರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯೇ ಇದ್ದವು. ಆದರೆ ವ್ಯತ್ಯಾಸ ತೀರಾ ಸಣ್ಣದು. ಯಾವ ಬಗೆಯ ನಂಬಿಕೆ ಎಂಬುದೇ ಮುಖ್ಯ ಎಂದವರು ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್. ಕಷ್ಟವನ್ನು ದೇವರ ಶಿಕ್ಷೆಯೆಂದು ಕಾಣುವವರಲ್ಲಿ ಲಕ್ಷಣಗಳು ಹೆಚ್ಚಿರುತ್ತವೆ. ನಂಬಿಕೆಯಿಂದ ರೋಗವೋ ರೋಗದಿಂದ ಅಂಥ ನಂಬಿಕೆಯೋ ಎಂಬುದನ್ನು ಬಿಡಿಸುವುದು ಕಷ್ಟ. ಕೂಪರ್‌ನನ್ನು ಓದಿದರೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ.

ನ್ಯೂಟನ್ ವಾದಿಸಿ ಗೆಲ್ಲಲಿಲ್ಲ, ಭ್ರಮೆ ವಾದಕ್ಕೆ ಮಣಿಯುವುದಿಲ್ಲ. ಆದರೆ ರೋಗಿಯನ್ನು ವರ್ಷಕ್ಕೂ ಮೀರಿ ತನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡ. 1774ರಲ್ಲಿ ಯಾರೋ ಕೂಪರ್‌ಗೆ ಒಂದು ಮೊಲದ ಮರಿ ತಂದುಕೊಟ್ಟರು, ಬೇಗನೆ ಮೂರಾದವು. ಪುಸ್, ಟೈನಿ, ಬೆಸ್. ಹೆಸರು ಏನೇ ಇರಲಿ, ಮೂರೂ ಗಂಡು! ಅವಕ್ಕೆ ಕೂಪರ್ ತಾನೇ ಗೂಡು ಕಟ್ಟಿದ, ತೋಟ ಮಾಡಿದ, ಸೌತೆ ಬೆಳೆದ, ಮತ್ತೆ ಬರೆಯತೊಡಗಿದ. ಉತ್ಸಾಹ ಬರಲೆಂದು ಕಾಯದೆ ಸಣ್ಣ ಕೆಲಸಗಳಿಗೆ ಕೈಹಚ್ಚುವುದು ಈಗ ‘ಬಿಹೇವಿಯರಲ್ ಆಕ್ಟಿವೇಷನ್’ ಎಂಬ ಚಿಕಿತ್ಸೆಯ ಹೂರಣ.

ಇದರಿಂದ ಅವನು ಗುಣವಾದ ಎನ್ನಲಾಗದು. ಅವನನ್ನು ದಶಕಗಳ ಕಾಲ ಸಲಹಿದ ಮೇರಿ ಅನ್ವಿನ್ 1796ರಲ್ಲಿ ತೀರಿಕೊಂಡ ಮೇಲೆ ಕತ್ತಲೆ ತಿಳಿಯಾಗಲೇ ಇಲ್ಲ. 1800ರಲ್ಲಿ ಅದೇ ಭ್ರಮೆಯೊಂದಿಗೆ ಸತ್ತ. ಭ್ರಮೆ ಬೆರೆತ ಇಂಥ ಖಿನ್ನತೆಗೆ ಇಂದು ಔಷಧಗಳಿವೆ; ಜನ ‘ಶಾಕ್ ಟ್ರೀಟ್‌ಮೆಂಟ್’ ಎಂದು ಹೆದರುವ, ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯೂ ಇದೆ. ಆ ಚಿಕಿತ್ಸೆ ಅತ್ಯಂತ ಚೆನ್ನಾಗಿ ಫಲಿಸುವ ಕಾಯಿಲೆಗಳಲ್ಲಿ ಇದೂ ಒಂದು.